ಬಣ್ಣ ಬದಲಿಸಿದ ಹಳೆಯ ರೋಡ್ ಬೈಕ್: ಕಂಪನಿ ಯಾವುದು, ಯಾವ ಕಾಲದ್ದು ಎಂದು ಪತ್ತೆಹಚ್ಚುವ ಬಗೆ

ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ತಿರುವುಗಳಲ್ಲಿ ನಿಂತರೆ, ಬೆಂಗಳೂರಿನಿಂದ ಬಂದ ಸವಾರರು ತೆಳು ಟಯರಿನ, ಬಾಗಿದ ಹ್ಯಾಂಡಲಿನ ಸೈಕಲ್ಲುಗಳಲ್ಲಿ, ಅಂದರೆ ರೋಡ್ ಬೈಕುಗಳಲ್ಲಿ, ಸಾಲುಗಟ್ಟಿ ಏರುವುದು ಕಾಣುತ್ತದೆ. ಅವುಗಳಲ್ಲಿ ಕೆಲವು ಮಾಲೀಕರ ಉತ್ಸಾಹ ಇಳಿದೋ, ಹೊಸದರ ಆಸೆ ಹುಟ್ಟಿಯೋ ಕೈ ಬದಲಾಯಿಸಿ, ಒಬ್ಬಿಬ್ಬರು ಮಧ್ಯವರ್ತಿಗಳನ್ನು ದಾಟಿ, ಕೆಲವು ವರ್ಷಗಳ ನಂತರ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರಿನ ಹುಡುಗರ ಕೈಗೆ ಬರುತ್ತವೆ. ಬರುವ ಹೊತ್ತಿಗೆ ಮೂಲ ಬಣ್ಣವಾಗಲಿ, ಹೆಸರಾಗಲಿ, ಸ್ಟಿಕ್ಕರಾಗಲಿ ಉಳಿದಿರುವುದಿಲ್ಲ. ಗೇಟು, ಗ್ರಿಲ್ಲುಗಳಿಗೆ ಪೌಡರ್ ಕೋಟಿಂಗ್ ಮಾಡುವ ಕಡೆಯೋ, ಮೋಟರ್ ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆಯುವ ಅಂಗಡಿಯಲ್ಲೋ ಮ್ಯಾಟ್ ಕಪ್ಪು ಬಳಿಸಿಕೊಂಡು, ಎಲ್ಲ ಸೈಕಲ್ಲುಗಳೂ ಅಣ್ಣತಮ್ಮಂದಿರಂತೆ ಕಾಣುವ ಸ್ಥಿತಿಗೆ ಬಂದಿರುತ್ತವೆ.

ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ಇಂಥದ್ದೊಂದನ್ನು ಕೊಂಡು ತಂದು, "ಅಂಕಲ್, ಫುಲ್ ಕಾರ್ಬನ್ನಂತೆ, ಇಂಪೋರ್ಟೆಡ್ಡಂತೆ, ತಗೊಂಡು ಎರಡೇ ವರ್ಷ ಆಗಿರೋದಂತೆ" ಎಂದು ನಮ್ಮ ಮನೆಯ ಮುಂದೆ ನಿಲ್ಲಿಸಿದ. ಆ ಮೂರು 'ಅಂತೆ'ಗಳಲ್ಲಿ ಎರಡು ಸಂಜೆಯೊಳಗೆ ಬಿದ್ದುಹೋದವು. ಅವು ಹೇಗೆ ಬಿದ್ದವು ಎಂಬುದನ್ನು ವಿವರಿಸುತ್ತಲೇ, ಯಾವುದೇ ಬಣ್ಣ ಬದಲಿಸಿದ ರೋಡ್ ಬೈಕನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಇದು ಕೇವಲ ಕುತೂಹಲದ ವಿಷಯವಲ್ಲ. ಕಂಪನಿ ಮತ್ತು ಕಾಲ ತಿಳಿಯದಿದ್ದರೆ ಸರಿಯಾದ ಬಿಡಿಭಾಗ ತರಿಸಲು ಆಗುವುದಿಲ್ಲ, ಕೇಳಿದ ಬೆಲೆ ನ್ಯಾಯವೇ ಎಂದು ತೂಗಲು ಆಗುವುದಿಲ್ಲ, ಕಳವಿನ ಮಾಲು ಮನೆಗೆ ಬಂದಿದ್ದರೂ ಗೊತ್ತಾಗುವುದಿಲ್ಲ.

ಶುರುಮಾಡುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು. ಸೈಕಲ್ಲಿಗೆ ಜೋಡಿಸಿದ ಯಾವ ಭಾಗವನ್ನಾದರೂ ಅರ್ಧ ಗಂಟೆಯಲ್ಲಿ ಬದಲಿಸಬಹುದು, ಬಣ್ಣವನ್ನು ಒಂದೆರಡು ದಿನಗಳಲ್ಲಿ ಬದಲಿಸಬಹುದು; ಆದರೆ ಫ್ರೇಮಿನ ಲೋಹ, ಅದರ ಬೆಸುಗೆ, ಅದರಲ್ಲಿ ಕೊರೆದ ತೂತುಗಳು, ಕತ್ತರಿಸಿದ ಥ್ರೆಡ್ಡುಗಳು, ಕೊಳವೆಗಳ ಒಳ ಅಳತೆ ಇವುಗಳನ್ನು ಯಾರೂ ಸುಲಭವಾಗಿ ಬದಲಿಸುವುದಿಲ್ಲ. ಆದ್ದರಿಂದ ಫ್ರೇಮು ಹೇಳಿದ್ದನ್ನು ಮೊದಲು ನಂಬಬೇಕು, ಬಿಡಿಭಾಗಗಳು ಹೇಳಿದ್ದನ್ನು ಫ್ರೇಮಿನ ಮಾತಿಗೆ ತಾಳೆ ನೋಡಿಯೇ ಒಪ್ಪಬೇಕು. ಇನ್ನು ಕಾಲದ ವಿಷಯದಲ್ಲಿ, ಒಂದು ಲಕ್ಷಣ ಹೆಚ್ಚಿನ ಸಲ ಹೇಳುವುದು 'ಇದಕ್ಕಿಂತ ಹಿಂದಿನದಲ್ಲ' ಎಂಬುದನ್ನು ಮಾತ್ರ. ಒಂದು ತಂತ್ರ 1990ರಲ್ಲಿ ಬಂದಿದ್ದರೆ ಅದು ಇರುವ ಸೈಕಲ್ಲು 1985ರದ್ದಾಗಲು ಸಾಧ್ಯವಿಲ್ಲ, ಆದರೆ 2005ರದ್ದಾಗಬಹುದು. ಇಂಥ ಐದಾರು ಲಕ್ಷಣಗಳನ್ನು ಒಟ್ಟಿಗೆ ಇಟ್ಟಾಗ ನಡುವಿನ ಅಂತರ ಕಿರಿದಾಗುತ್ತಾ ಹೋಗುತ್ತದೆ.

ಸಲಕರಣೆಗಳು ಹೆಚ್ಚೇನೂ ಬೇಡ. ಒಳ್ಳೆಯ ಟಾರ್ಚು, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವಾದರೂ ಸರಿ, ವರ್ನಿಯರ್ ಕ್ಯಾಲಿಪರ್, ಉಕ್ಕಿನ ಸ್ಕೇಲು, ಅಲೆನ್ ಕೀಗಳು, ಸೀಮೆಸುಣ್ಣ, ಪೆನ್ಸಿಲ್, ತೆಳು ಕಾಗದ, ಹತ್ತಿ, ಸ್ವಲ್ಪ ಥಿನ್ನರ್ ಸಾಕು. ವರ್ನಿಯರ್ ಇಲ್ಲದವರು ಲೇತ್ ಅಂಗಡಿಯಲ್ಲಿ ಐದು ನಿಮಿಷಕ್ಕೆ ಕೇಳಿದರೆ ಕೊಡುತ್ತಾರೆ.

ಮೊದಲ ಹಂತ: ಲೋಹ ಯಾವುದು

ಅಯಸ್ಕಾಂತವನ್ನು ಫ್ರೇಮಿನ ಮೂರು ಮುಖ್ಯ ಕೊಳವೆಗಳಿಗೂ, ಹಿಂದಿನ ಚಕ್ರವನ್ನು ಹಿಡಿದಿರುವ ಸಣ್ಣ ಕೊಳವೆಗಳಿಗೂ, ಮುಂದಿನ ಫೋರ್ಕಿಗೂ ಬೇರೆಬೇರೆಯಾಗಿ ಹಿಡಿದು ನೋಡಬೇಕು. ಅಂಟಿಕೊಂಡರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಕಾರ್ಬನ್. ಟೈಟಾನಿಯಂ ನಮ್ಮ ಕಡೆ ಅಪರೂಪ, ಅದಕ್ಕೆ ಬಣ್ಣ ಹೊಡೆಸುವವರು ಇನ್ನೂ ಅಪರೂಪ. ಉಗುರಿನಿಂದ ಬಡಿದರೆ ಅಲ್ಯೂಮಿನಿಯಂ ಕೊಳವೆ ಪಾತ್ರೆಯಂತೆ ಟಣ್ಣೆನ್ನುತ್ತದೆ, ಕಾರ್ಬನ್ ರಟ್ಟಿನ ಹಾಗೆ ಮಂದವಾಗಿ ಟೊಕ್ಕೆನ್ನುತ್ತದೆ. ಕಿವಿಯನ್ನು ಪೂರ್ತಿ ನಂಬಲಾಗದಿದ್ದರೆ ಕೊಳವೆಗಳು ಕೂಡುವ ಜಾಗವನ್ನು ನೋಡಬೇಕು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬಿದ್ದ ಬೆಸುಗೆಯ ಅಲೆಗಳು ಕಂಡರೆ ಅದು ಕಾರ್ಬನ್ ಅಲ್ಲ.

ನಮ್ಮ ಹುಡುಗನ ಸೈಕಲ್ಲಿನಲ್ಲಿ ಅಯಸ್ಕಾಂತ ಎಲ್ಲಿಯೂ ಅಂಟಲಿಲ್ಲ. ಆದರೆ ತಲೆಕೊಳವೆಯ ಹಿಂದೆ, ಅಂದರೆ ಹ್ಯಾಂಡಲ್ ತಿರುಗುವ ಕೊಳವೆಗೆ ಫ್ರೇಮಿನ ಎರಡು ಕೊಳವೆಗಳು ಬಂದು ಸೇರುವ ಜಾಗದಲ್ಲಿ, ಕಪ್ಪು ಬಣ್ಣದ ಕೆಳಗೆ ದಪ್ಪ ಬೆಸುಗೆಯ ಸಾಲು ಬೆರಳಿಗೇ ಸಿಗುತ್ತಿತ್ತು. ಫ್ರೇಮು ಅಲ್ಯೂಮಿನಿಯಂ, ಫೋರ್ಕಿನ ಕಾಲುಗಳು ಮಾತ್ರ ಕಾರ್ಬನ್. ಮೊದಲ 'ಅಂತೆ' ಅಲ್ಲಿಗೆ ಮುಗಿಯಿತು. ಮಾರಿದವನು ಸುಳ್ಳನ್ನೇ ಹೇಳಿದ್ದನೆಂದು ನಾನು ಹೇಳಲಾರೆ. ಫೋರ್ಕಿನ ಕಾರ್ಬನ್ನನ್ನು ಇಡೀ ಸೈಕಲ್ಲಿಗೆ ಹಂಚಿದ್ದ, ಅಷ್ಟೆ.

ಉಕ್ಕಿನ ಫ್ರೇಮಾಗಿದ್ದರೆ ಕೊಳವೆಗಳ ಕೂಡುಗಳಲ್ಲಿ ತೋಳಿನಂತೆ ಹೊದ್ದ ಲಗ್ಗುಗಳಿವೆಯೇ, ನೇರವಾಗಿ ಬೆಸೆದಿದ್ದಾರೆಯೇ ಎಂದು ನೋಡಬೇಕು. ಕೊಳವೆಯ ದಪ್ಪದ ಸುಳಿವು ಸೀಟಿನ ಕಂಬದ ವ್ಯಾಸದಲ್ಲಿ ಸಿಗುತ್ತದೆ. ಹಳೆಯ ಉಕ್ಕಿನ ಫ್ರೇಮುಗಳಲ್ಲಿ ಸೀಟಿನ ಕೊಳವೆಯ ಹೊರ ವ್ಯಾಸ ಸಾಮಾನ್ಯವಾಗಿ 28.6 ಮಿ.ಮೀ. ಇರುತ್ತದೆ. ಅದರೊಳಗೆ 27.2 ಮಿ.ಮೀ. ಕಂಬ ಕೂರುವುದಾದರೆ ಗೋಡೆ ತೆಳು, ಎಂದರೆ ಒಳ್ಳೆಯ ದರ್ಜೆಯ ಉಕ್ಕು. 25.4 ಮಿ.ಮೀ. ಕಂಬ ಕೂತರೆ ಗೋಡೆ ದಪ್ಪ, ಸಾಧಾರಣ ಉಕ್ಕು, ಭಾರವೂ ಹೆಚ್ಚು. ಬಣ್ಣ ಎಷ್ಟೇ ಹೊಳೆಯಲಿ, ಈ ಎರಡು ಮಿಲಿಮೀಟರಿನ ವ್ಯತ್ಯಾಸವನ್ನು ಅದು ಮುಚ್ಚಲಾರದು.

ಎರಡನೆಯ ಹಂತ: ಸೈಕಲ್ಲನ್ನು ತಲೆಕೆಳಗು ಮಾಡಿ ಸಂಖ್ಯೆ ಹುಡುಕುವುದು

ಪೆಡಲಿನ ಆಕ್ಸಲ್ ಹಾದುಹೋಗುವ ಅಡ್ಡ ಕೊಳವೆಗೆ ಸೈಕಲ್ ಅಂಗಡಿಯವರು ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಎನ್ನುತ್ತಾರೆ. ನಮ್ಮೂರಿನಲ್ಲಿ ಬಿ.ಬಿ. ಎಂದರೆ ಜನ ಬಿ.ಬಿ. ರಸ್ತೆಯ ಕಡೆಗೆ ಕೈ ತೋರಿಸುತ್ತಾರಾದ್ದರಿಂದ ಇಲ್ಲಿ ಬಿ.ಬಿ. ಶೆಲ್ ಎಂದೇ ಬರೆಯುತ್ತೇನೆ. ಬಹುಪಾಲು ಫ್ರೇಮುಗಳ ಸಂಖ್ಯೆ ಈ ಶೆಲ್ಲಿನ ಅಡಿಯಲ್ಲಿ ಅಚ್ಚೊತ್ತಿರುತ್ತದೆ. ಅಲ್ಲಿಲ್ಲದಿದ್ದರೆ ತಲೆಕೊಳವೆಯ ಮೇಲೆ, ಸೀಟಿನ ಕೊಳವೆಯ ಮೇಲ್ತುದಿಯ ಬಳಿ, ಹಿಂದಿನ ಚಕ್ರದ ಆಕ್ಸಲ್ ಕೂರುವ ಡ್ರಾಪ್‌ಔಟಿನ ಹೊರಮೈಯಲ್ಲಿ ಹುಡುಕಬೇಕು.

ದಪ್ಪ ಬಣ್ಣದ ಕೆಳಗೆ ಅಚ್ಚು ತುಂಬಿಹೋಗಿರುತ್ತದೆ, ಆದರೆ ಅಳಿದಿರುವುದಿಲ್ಲ. ಜಾಗವನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿ, ಕತ್ತಲಾದ ಮೇಲೆ ಟಾರ್ಚನ್ನು ಮೇಲ್ಮೈಗೆ ಸಮಾನಾಂತರವಾಗಿ, ಅಡ್ಡಡ್ಡ ಹಿಡಿದರೆ ತಗ್ಗುಗಳು ನೆರಳಾಗಿ ಎದ್ದು ಕಾಣುತ್ತವೆ. ಅದೂ ಸಾಲದಿದ್ದರೆ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ತಿಕ್ಕಿ, ಒಣಬಟ್ಟೆಯಿಂದ ಮೇಲ್ಮೈಯನ್ನು ಮಾತ್ರ ಒರೆಸಬೇಕು. ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಚಿತ್ರ ತೆಗೆಯುತ್ತಿದ್ದೆವಲ್ಲ, ಆ ಉಪಾಯವೂ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಉಕ್ಕು, ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಮಾತ್ರ ಪೇಂಟ್ ರಿಮೂವರನ್ನು ಹತ್ತಿಯಲ್ಲಿ ತೆಗೆದುಕೊಂಡು ಎರಡು ಇಂಚು ಜಾಗಕ್ಕೆ ಹಚ್ಚಬಹುದು. ಕಾರ್ಬನ್ ಫ್ರೇಮಿಗೆ ಅದನ್ನು ಸೋಕಿಸಲೇಬಾರದು, ನಾರುಗಳನ್ನು ಹಿಡಿದಿಟ್ಟಿರುವ ರಾಳವನ್ನೇ ಅದು ಕೆಡಿಸುತ್ತದೆ. ಎಮರಿ ಕಾಗದ, ಬ್ಲೇಡು, ಗ್ರೈಂಡರ್ ಯಾವ ಫ್ರೇಮಿಗೂ ಬೇಡ. ಅಚ್ಚಿನ ಆಳ ಬಹಳ ಕಡಿಮೆ, ಬಣ್ಣದ ಜೊತೆ ಅಂಕಿಯೂ ಹೋದೀತು.

ಸಿಕ್ಕಿದ ಅಂಕಿಗಳೆಲ್ಲ ಫ್ರೇಮಿನ ಸಂಖ್ಯೆಯಲ್ಲ. ಒಂಟಿಯಾಗಿ 54, 56 ಎಂದಿದ್ದರೆ ಅದು ಸೆಂಟಿಮೀಟರಿನಲ್ಲಿ ಫ್ರೇಮಿನ ಅಳತೆ. 1.37×24 ಎಂದಿದ್ದರೆ ಬಿ.ಬಿ. ಶೆಲ್ಲಿನೊಳಗಿರುವುದು ಇಂಗ್ಲಿಷ್ ಥ್ರೆಡ್, 36×24 ಎಂದಿದ್ದರೆ ಇಟಾಲಿಯನ್ ಥ್ರೆಡ್. ನಿಜವಾದ ಸಂಖ್ಯೆ ಸಾಮಾನ್ಯವಾಗಿ ಉದ್ದವಾಗಿದ್ದು ಅಕ್ಷರಗಳಿಂದ ಶುರುವಾಗುತ್ತದೆ. ಇತ್ತೀಚಿನ ದಶಕಗಳ ಫ್ರೇಮುಗಳಲ್ಲಿ ಡಬ್ಲ್ಯುಟಿಯು ಎಂಬ ಆರಂಭ ಟ್ರೆಕ್ ಕಂಪನಿಯದು, ಡಬ್ಲ್ಯುಎಸ್‌ಬಿಸಿ ಎಂಬುದು ಸ್ಪೆಷಲೈಸ್ಡ್ ಕಂಪನಿಯದು. ಆದರೆ ಅನೇಕ ಬ್ರ್ಯಾಂಡುಗಳ ಫ್ರೇಮುಗಳು ತೈವಾನ್ ಮತ್ತು ಚೀನಾದ ಕೆಲವೇ ದೊಡ್ಡ ಕಾರ್ಖಾನೆಗಳಲ್ಲಿ ತಯಾರಾಗುವುದರಿಂದ, ಸಂಖ್ಯೆ ಕೆಲವೊಮ್ಮೆ ಕಾರ್ಖಾನೆಯನ್ನು ಹೇಳುತ್ತದೆಯೇ ಹೊರತು ಬ್ರ್ಯಾಂಡನ್ನಲ್ಲ. ಸಂಖ್ಯೆಯ ನಡುವೆ 07 ಕಂಡ ತಕ್ಷಣ 2007 ಎಂದು ಕುಣಿಯುವುದೂ ಬೇಡ. ವರ್ಷವನ್ನು ಸಂಖ್ಯೆಯಲ್ಲಿ ಹುದುಗಿಸುವ ಕ್ರಮ ಒಂದೊಂದು ಕಂಪನಿಗೆ ಒಂದೊಂದು.

ಮೂರನೆಯ ಹಂತ: ಬಣ್ಣ ಹೊಡೆಯುವವನ ಕೈ ತಲುಪದ ಜಾಗಗಳು

ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಬಣ್ಣ ಹೊಡೆಯುವವನು ಕಣ್ಣಿಗೆ ಬೀಳುವುದನ್ನಷ್ಟೇ ಉಜ್ಜಿ ಹೊಡೆಯುತ್ತಾನೆ. ಮೂಲ ಬಣ್ಣ ಉಳಿಯುವ ಜಾಗಗಳು ಹಲವು: ಸೀಟಿನ ಕಂಬವನ್ನು ಹೊರತೆಗೆದಾಗ ಕಾಣುವ ಕೊಳವೆಯ ಬಾಯಿಯ ಒಳಅಂಚು, ಬಿ.ಬಿ. ಶೆಲ್ಲಿನ ಅಡಿಯಲ್ಲಿ ಗೇರಿನ ಕೇಬಲ್ಲು ಜಾರುವ ಪ್ಲಾಸ್ಟಿಕ್ ತುಂಡಿನ ಕೆಳಗೆ, ನೀರಿನ ಬಾಟಲಿ ಕೂರಿಸುವ ಬೋಲ್ಟುಗಳ ತಲೆಯಡಿ, ಹಿಂದಿನ ಬ್ರೇಕು ಫ್ರೇಮಿಗೆ ತಾಗುವ ಮುಖ, ಫೋರ್ಕನ್ನು ಇಳಿಸಿದಾಗ ಕಾಣುವ ಅದರ ಕುತ್ತಿಗೆ. ಇವುಗಳಲ್ಲಿ ಎರಡು ಮೂರು ಕಡೆ ಒಂದೇ ಬಣ್ಣ ಸಿಕ್ಕರೆ ಅದೇ ಕಾರ್ಖಾನೆಯ ಬಣ್ಣ ಎಂದು ಹೇಳಬಹುದು. ಬೇರೆ ಬೇರೆ ಬಣ್ಣ ಸಿಕ್ಕರೆ ಈ ಸೈಕಲ್ಲು ಎರಡನೆಯ ಸಲವೂ ವೇಷ ಬದಲಿಸಿದೆ ಎಂದರ್ಥ, ಅಥವಾ ಫೋರ್ಕು ಬೇರೆ ಸೈಕಲ್ಲಿನದು.

ಅಲ್ಯೂಮಿನಿಯಂ ಮತ್ತು ಕಾರ್ಬನ್ ಫ್ರೇಮುಗಳಲ್ಲಿ ಇನ್ನೊಂದು ದೊಡ್ಡ ಸಾಕ್ಷಿ ಇದೆ. ಗೇರು ಬದಲಿಸಲು ಚೈನನ್ನು ಸರಿಸುವ ಹಿಂದಿನ ಡಿರೇಲರ್ ತೂಗುವ ಸಣ್ಣ ಲೋಹದ ತುಂಡು, ಅಂದರೆ ಹ್ಯಾಂಗರ್, ಬಿದ್ದಾಗ ಫ್ರೇಮಿನ ಬದಲು ತಾನು ಬಾಗಲೆಂದೇ ಬಿಚ್ಚಿ ಹಾಕುವಂತೆ ಮಾಡಿದ ಭಾಗ. ಇದರ ಆಕಾರಗಳು ನೂರಾರು. ಒಂದು ಕಂಪನಿಯ ಒಂದು ಕಾಲದ ಫ್ರೇಮಿನ ಹ್ಯಾಂಗರ್ ಇನ್ನೊಂದಕ್ಕೆ ಕೂರುವುದು ಕಡಿಮೆ. ಅದನ್ನು ಬಿಚ್ಚಿದರೆ ಅಡಿಯಲ್ಲಿ ಮೂಲ ಬಣ್ಣವೂ ಸಿಗುತ್ತದೆ. ಸ್ಕೇಲಿನ ಪಕ್ಕದಲ್ಲಿಟ್ಟು ಚಿತ್ರ ತೆಗೆದು, ಬಿಡಿ ಹ್ಯಾಂಗರ್ ಮಾರುವವರ ಪಟ್ಟಿಯಲ್ಲಿ ತೂತುಗಳ ಅಂತರ ಮತ್ತು ಆಕಾರ ಹೋಲಿಸಿದರೆ ಕಂಪನಿಯ ಹೆಸರೂ ಸಿಗುತ್ತದೆ. ಬೀಗದ ಕೈಯಿಂದ ಬೀಗ ಗುರುತಿಸಿದ ಹಾಗೆ.

ಮೂಲ ಸ್ಟಿಕ್ಕರನ್ನು ಕೀಳದೆ ಅದರ ಮೇಲೆಯೇ ಬಣ್ಣ ಹೊಡೆದಿದ್ದರೆ ಅಕ್ಷರದ ಅಂಚು ಕೂದಲೆಳೆಯಷ್ಟು ಉಬ್ಬಿರುತ್ತದೆ. ಇದಕ್ಕೂ ಅಡ್ಡ ಬೆಳಕೇ ಮದ್ದು. ಆ ಸಂಜೆ ಕೆಳಗಿನ ದಪ್ಪ ಕೊಳವೆಯ ಮೇಲೆ ಟಾರ್ಚು ಹಾಯಿಸಿದಾಗ ಮೊದಲು ಏನೂ ಕಾಣಲಿಲ್ಲ. ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿ, ಕೊಳವೆಯ ತುದಿಯಿಂದ ಕಣ್ಣು ಹಾಯಿಸಿದಾಗ ಇಂಗ್ಲಿಷಿನ ಬಿ, ಎ, ಎನ್ ಎಂಬ ಮೂರು ಅಕ್ಷರಗಳ ಬೆನ್ನು ತೆಳುವಾಗಿ ಎದ್ದುಬಂತು. ಅವುಗಳಿಗೂ ಮೊದಲಿದ್ದ ಅಕ್ಷರಗಳನ್ನು ಉಜ್ಜುಕಾಗದ ತಿಂದಿತ್ತು. ಬಿ.ಬಿ. ಶೆಲ್ಲಿನ ಪ್ಲಾಸ್ಟಿಕ್ ತುಂಡನ್ನು ಬಿಚ್ಚಿದರೆ ಉಗುರಿನಗಲ ಕೆಂಪು ಬಣ್ಣ ಹೊಸದರಂತೆಯೇ ಇತ್ತು. ಹ್ಯಾಂಗರಿನ ಅಡಿಯಲ್ಲೂ ಅದೇ ಕೆಂಪು. ಕ್ರೀಡಾಸಾಮಗ್ರಿ ಮಾರುವ ಡೆಕಾಥ್ಲಾನ್ ಕಂಪನಿ 2009ರಲ್ಲಿ ಬೆಂಗಳೂರಿನಲ್ಲಿ ಅಂಗಡಿ ತೆರೆದ ಮೇಲೆ ನಮ್ಮ ಭಾಗದಲ್ಲಿ ಓಡಾಡಿದ, ಅದರ ಬಿ'ಟ್ವಿನ್ ಟ್ರೈಬನ್ ಸೈಕಲ್ಲುಗಳು ನೆನಪಿಗೆ ಬಂದವು. ಆದರೆ ನೆನಪು ಸಾಕ್ಷಿಯಲ್ಲ. ಕಾಲವನ್ನು ಬೇರೆ ದಾರಿಯಿಂದ ತಾಳೆ ನೋಡಬೇಕಿತ್ತು.

ನಾಲ್ಕನೆಯ ಹಂತ: ಫ್ರೇಮಿನ ಅಳತೆಗಳು

ಹಿಂದಿನ ಚಕ್ರವನ್ನು ತೆಗೆದು, ಎರಡು ಡ್ರಾಪ್‌ಔಟುಗಳ ಒಳಮುಖಗಳ ನಡುವಿನ ಅಂತರವನ್ನು ಅಳೆಯಬೇಕು. ಸುಮಾರು 120 ಮಿ.ಮೀ. ಇದ್ದರೆ ಹಿಂದಿನ ಚಕ್ರಕ್ಕೆ ಐದು ಹಲ್ಲುಚಕ್ರಗಳಿದ್ದ ಕಾಲದ್ದು, ಅಂದರೆ 1980ರ ದಶಕದ ಆರಂಭದವರೆಗಿನದು. 126 ಇದ್ದರೆ ಆರು ಅಥವಾ ಏಳು ಹಲ್ಲುಚಕ್ರಗಳ, 1980ರ ದಶಕದ ಫ್ರೇಮು. 130 ಇದ್ದರೆ 1990ರಿಂದ ಈಚೆಗಿನ, ರಿಮ್ ಹಿಡಿಯುವ ಬ್ರೇಕಿನ ರೋಡ್ ಬೈಕು. 135 ಅಥವಾ 142 ಇದ್ದು ಡಿಸ್ಕ್ ಬ್ರೇಕಿನ ಜಾಗವೂ ಇದ್ದರೆ ತೀರಾ ಇತ್ತೀಚಿನದು. ಉಕ್ಕಿನ ಫ್ರೇಮನ್ನು ಎಳೆದು ಅಗಲಿಸುವ ಪರಿಪಾಠ ಇರುವುದರಿಂದ ಉಕ್ಕಿನಲ್ಲಿ ಈ ಅಳತೆಯೊಂದನ್ನೇ ನಂಬಿ ಕೂರಬಾರದು.

ಮುಂದೆ ತಲೆಕೊಳವೆ. ಹ್ಯಾಂಡಲಿನ ಕಂಬ ಫೋರ್ಕಿನೊಳಗೆ ಇಳಿದು, ಮೇಲೆ ದೊಡ್ಡ ನಟ್ಟುಗಳಿಂದ ಬಿಗಿದಿದ್ದರೆ ಹಳೆಯ ಥ್ರೆಡ್ ಪದ್ಧತಿ. ಫೋರ್ಕಿನ ಕಂಬವೇ ಮೇಲೆ ಬಂದು ಅದನ್ನು ಹ್ಯಾಂಡಲಿನ ಹಿಡಿಕೆ ಹೊರಗಿನಿಂದ ಅಪ್ಪಿಕೊಂಡಿದ್ದರೆ 1990ರ ದಶಕದಲ್ಲಿ ಹರಡಿದ ಹೊಸ ಪದ್ಧತಿ. ತಲೆಕೊಳವೆ ಕೆಳಗೆ ದಪ್ಪವಾಗಿ ಮೇಲೆ ಸಣ್ಣದಾಗುತ್ತಾ ಹೋಗಿದ್ದರೆ 2000ದ ದಶಕದ ಕೊನೆಯ ಭಾಗದಿಂದ ಈಚಿನದು. ಮೇಲಿನ ಕೊಳವೆ ನೆಲಕ್ಕೆ ಸಮಾನಾಂತರವಾಗಿರದೆ ಸೀಟಿನ ಕಡೆಗೆ ಇಳಿಜಾರಾಗಿದ್ದರೆ, ಜಯಂಟ್ ಕಂಪನಿ 1990ರ ದಶಕದ ಕೊನೆಯಲ್ಲಿ ತನ್ನ ಟಿಸಿಆರ್ ಸೈಕಲ್ಲಿನ ಮೂಲಕ ಜನಪ್ರಿಯಗೊಳಿಸಿದ ವಿನ್ಯಾಸವನ್ನು ಅದು ಅನುಸರಿಸಿದೆ.

ಬಿ.ಬಿ. ಬಿಚ್ಚುವುದಾದರೆ ಎಚ್ಚರಿಕೆ ಬೇಕು. ಶೆಲ್ಲಿನ ಅಗಲ 68 ಮಿ.ಮೀ. ಇದ್ದರೆ ಬಹುತೇಕ ಇಂಗ್ಲಿಷ್ ಥ್ರೆಡ್, ಅದರಲ್ಲಿ ಚೈನಿನ ಬದಿಯ ಬೇರಿಂಗ್ ಕಪ್ ಉಲ್ಟಾ ತಿರುಗುತ್ತದೆ. 70 ಮಿ.ಮೀ. ಇದ್ದರೆ ಇಟಾಲಿಯನ್, ಎರಡೂ ಬದಿ ಮಾಮೂಲಿನಂತೆ. ಇದು ತಿಳಿಯದೆ ಉದ್ದದ ಪೈಪು ಸಿಕ್ಕಿಸಿ ಬಲವಂತ ಮಾಡಿದವರು ಕೆಡಿಸಿದ ಫ್ರೇಮುಗಳನ್ನು ನಾನು ಕಂಡಿದ್ದೇನೆ. ಒಳ್ಳೆಯ ಹಳೆಯ ಉಕ್ಕಿನ ಫ್ರೇಮೆಂಬ ಅನುಮಾನವಿದ್ದರೆ ಫೋರ್ಕನ್ನೂ ಇಳಿಸಿ ಅದರ ಕಂಬದ ಮೇಲಿನ ಅಚ್ಚನ್ನು ಓದಬೇಕು. ರೆನಾಲ್ಡ್ಸ್, ತಾಂಗೆ, ಕೊಲಂಬಸ್ ಎಂಬ ಕೊಳವೆ ತಯಾರಕರ ಹೆಸರು ಅಥವಾ ಗುರುತು ಅಲ್ಲಿ ಬದುಕುಳಿದಿರುವುದುಂಟು.

ಐದನೆಯ ಹಂತ: ಬಿಡಿಭಾಗಗಳ ಮೇಲಿನ ದಿನಾಂಕ

ಕಾಲ ನಿರ್ಣಯಕ್ಕೆ ಇದಕ್ಕಿಂತ ನಿಖರವಾದ ದಾರಿ ಮತ್ತೊಂದಿಲ್ಲ. ನಮ್ಮ ಕಡೆ ಬರುವ ಗೇರ್ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಜಪಾನಿನ ಶಿಮಾನೊ ಭಾಗಗಳಿರುತ್ತವೆ. ಶಿಮಾನೊ ತನ್ನ ಭಾಗಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳನ್ನು ಅಚ್ಚೊತ್ತುತ್ತಾ ಬಂದಿದೆ: ಮೊದಲನೆಯದು ವರ್ಷ, ಎರಡನೆಯದು ತಿಂಗಳು. 1976ಕ್ಕೆ ಎ, 1977ಕ್ಕೆ ಬಿ, ಹೀಗೆ ಸಾಗಿ 2001ಕ್ಕೆ ಝಡ್. 2002ಕ್ಕೆ ಮತ್ತೆ ಎ. ತಿಂಗಳಿಗೆ ಜನವರಿ ಎ, ಡಿಸೆಂಬರ್ ಎಲ್. ಹಿಂದಿನ ಡಿರೇಲರಿನ ಒಳಬದಿ, ಬ್ರೇಕಿನ ಹಿಂಬದಿ, ಕ್ರ್ಯಾಂಕಿನ (ಪೆಡಲಿನ ತೋಳಿನ) ಒಳಮುಖ, ಹಬ್ಬಿನ ಮೈ ಇವುಗಳ ಮೇಲೆ ಗ್ರೀಸು, ಧೂಳು ಒರೆಸಿ ನೋಡಬೇಕು.

ಹುಡುಗನ ಸೈಕಲ್ಲಿನ ಡಿರೇಲರಿನ ಮೇಲೆ ಕೆಸಿ ಎಂದಿತ್ತು. ಕೆ ಎಂದರೆ 1986 ಆಗಬಹುದು, 2012 ಕೂಡ ಆಗಬಹುದು. ಇಪ್ಪತ್ತಾರು ವರ್ಷಗಳ ಈ ಗೊಂದಲವನ್ನು ಸೈಕಲ್ಲೇ ಬಗೆಹರಿಸಿತು. ಅದರ ಗೇರು ಬದಲಿಸುವ ಲಿವರು ಬ್ರೇಕಿನ ಹಿಡಿಕೆಯಲ್ಲೇ ಸೇರಿತ್ತು, ಶಿಮಾನೊ ಈ ಪದ್ಧತಿಯನ್ನು ತಂದದ್ದೇ 1990ರಲ್ಲಿ. ಆದ್ದರಿಂದ 2012ರ ಮಾರ್ಚ್. ಒಂದು ಭಾಗದ ದಿನಾಂಕ ಒಂದು ಭಾಗದ್ದು ಮಾತ್ರ, ಡಿರೇಲರನ್ನು ಬದಲಿಸಿರಬಹುದು. ಹಾಗಾಗಿ ಮುಂದಿನ ಡಿರೇಲರು, ಹಿಂದಿನ ಹಬ್ಬು ಎರಡನ್ನೂ ಒರೆಸಿ ನೋಡಿದೆವು: ಒಂದರಲ್ಲಿ ಕೆಬಿ, ಇನ್ನೊಂದರಲ್ಲಿ ಜೆಎಲ್, ಅಂದರೆ 2012ರ ಫೆಬ್ರವರಿ ಮತ್ತು 2011ರ ಡಿಸೆಂಬರ್. ಮೂರೂ ನಾಲ್ಕು ತಿಂಗಳೊಳಗೆ ಬಂದದ್ದರಿಂದ ಅವು ಒಟ್ಟಿಗೆ ಕಾರ್ಖಾನೆಯಲ್ಲಿ ಜೋಡಿಸಿದವೆಂದು, ಸೈಕಲ್ಲು 2012ರದ್ದೆಂದು ಹೇಳಬಹುದಾಯಿತು. 'ಎರಡೇ ವರ್ಷದ್ದಂತೆ' ಎಂಬುದೂ ಅಲ್ಲಿಗೆ ಹೋಯಿತು.

ಅಕ್ಷರಗಳು ಸವೆದಿದ್ದರೆ ಭಾಗಗಳ ರೂಪವನ್ನೇ ಓದಬೇಕು. ಗೇರಿನ ಲಿವರು ಕೆಳಗಿನ ಕೊಳವೆಯ ಮೇಲಿದ್ದರೆ ಹಳೆಯದು. ಅದರಲ್ಲಿ ಟಕ್ ಟಕ್ ಎಂದು ಸ್ಥಾನ ಹಿಡಿಯುವ ವ್ಯವಸ್ಥೆ ಶಿಮಾನೊದ ಅತಿ ಮೇಲಿನ ದರ್ಜೆಯಾದ ಡ್ಯೂರಾ-ಏಸ್‌ನಲ್ಲಿ 1980ರ ದಶಕದ ನಡುವಿನಲ್ಲಿ ಬಂತು. ಬ್ರೇಕು ಹಿಡಿಕೆಯಲ್ಲೇ ಗೇರಿದ್ದು, ಗೇರಿನ ಕೇಬಲ್ಲು ಪಕ್ಕದಿಂದ ಹೊರಬಂದು ಬಟ್ಟೆ ಒಣಹಾಕುವ ಹಗ್ಗದಂತೆ ತೂಗುತ್ತಿದ್ದರೆ ಅದು 1990ರಿಂದೀಚಿನ ಮೊದಲ ಪೀಳಿಗೆಗಳದು. ದುಬಾರಿ ದರ್ಜೆಗಳಲ್ಲಿ 2009ರ ಸುಮಾರಿಗೆ ಈ ಕೇಬಲ್ಲು ಹ್ಯಾಂಡಲಿನ ಟೇಪಿನ ಕೆಳಗೆ ಅಡಗಿತು, ಅಗ್ಗದ ದರ್ಜೆಗಳಿಗೆ ಇದು ಇಳಿಯಲು ಇನ್ನೂ ಹಲವು ವರ್ಷ ಹಿಡಿಯಿತು. ಶಿಮಾನೊದಲ್ಲಿ ಒಂಬತ್ತು ಹಲ್ಲುಚಕ್ರ 1990ರ ದಶಕದ ಉತ್ತರಾರ್ಧದಲ್ಲಿ, ಹತ್ತು 2004ರ ಹೊತ್ತಿಗೆ, ಹನ್ನೊಂದು 2012–13ರಲ್ಲಿ, ಹನ್ನೆರಡು 2021ರಲ್ಲಿ ಮೊದಲು ಮೇಲ್ದರ್ಜೆಗೆ ಬಂದವು. ಎಂಟು ಹಲ್ಲುಚಕ್ರ ಇದ್ದ ಮಾತ್ರಕ್ಕೆ ಸೈಕಲ್ಲು 1990ರ ದಶಕದ್ದಲ್ಲ, ಅಗ್ಗದ ಸೈಕಲ್ಲುಗಳಲ್ಲಿ ಎಂಟು ಇಂದಿಗೂ ಬರುತ್ತಿದೆ.

ಫ್ರೇಮು ಅಥವಾ ಫೋರ್ಕಿನ ಮೇಲೆ ಸುರಕ್ಷತಾ ಮಾನದಂಡದ ಸಣ್ಣ ಚೀಟಿ ಉಳಿದಿದ್ದರೆ ಅದನ್ನು ಕೀಳಬೇಡಿ. ಇಎನ್ 14781 ಎಂಬುದು ರೇಸಿಂಗ್ ಸೈಕಲ್ಲುಗಳಿಗೆ 2005ರಲ್ಲಿ ಬಂದ ಯುರೋಪಿನ ಮಾನದಂಡ; ಅದರ ಜಾಗಕ್ಕೆ 2014ರಲ್ಲಿ ಐಎಸ್‌ಒ 4210 ಬಂತು. ನಾವು ಫೋರ್ಕನ್ನು ಇಳಿಸಿದಾಗ ಕಂಬದ ಮೇಲೆ ಸಿಕ್ಕ ಚೀಟಿಯಲ್ಲಿ ಮೊದಲನೆಯದೇ ಇತ್ತು, ಕೆಸಿ ಎಂಬ ಅಕ್ಷರಗಳಿಗೆ ಅದು ಸರಿಹೊಂದಿತು.

ಈ ಅಕ್ಷರಗಳನ್ನು ಓದಲು ಕಲಿತರೆ ಇನ್ನೊಂದು ಉಪಕಾರವಿದೆ. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ ತನ್ನ ಹನ್ನೊಂದು ವೇಗದ ಅಲ್ಟೆಗ್ರಾ ಮತ್ತು ಡ್ಯೂರಾ-ಏಸ್ ದರ್ಜೆಯ, ಎರಡು ತುಂಡುಗಳನ್ನು ಅಂಟಿಸಿ ಮಾಡಿದ ಕ್ರ್ಯಾಂಕುಗಳು ಬಿಟ್ಟುಕೊಳ್ಳುವ ಸಂಭವವಿದೆಯೆಂದು ತಪಾಸಣೆಗೆ ಕರೆ ಕೊಟ್ಟಿತು. ಅವು 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದವು, ಅಂದರೆ ಕೆಎಫ್‌ನಿಂದ ಆರ್‌ಎಫ್‌ವರೆಗಿನ ಗುರುತಿನವು. ಬಣ್ಣ ಬದಲಿಸಿದ ದುಬಾರಿ ಸೈಕಲ್ಲು ಕೈಗೆ ಬಂದರೆ ಕ್ರ್ಯಾಂಕಿನ ಒಳಮುಖ ನೋಡದೆ ನಂದಿಬೆಟ್ಟದಿಂದ ಇಳಿಯಬಾರದು.

ದೇಶಿ ಉಕ್ಕಿನ ಸೈಕಲ್ಲಾದರೆ

ಹಳೆಯ ಗೇರಿಲ್ಲದ ಸೈಕಲ್ಲಿಗೆ ಬಾಗಿದ ಹ್ಯಾಂಡಲ್ ಹಾಕಿ, ಬಣ್ಣ ಹೊಡೆದು 'ವಿಂಟೇಜ್ ರೇಸರ್' ಎಂದು ಮಾರುವ ಚಾಳಿಯೂ ಶುರುವಾಗಿದೆ. ಇದನ್ನು ಹಿಡಿಯುವುದು ಸುಲಭ. ಪೆಡಲಿನ ತೋಳು ಕಾಟರ್ ಪಿನ್ನಿನಿಂದ ಬಿಗಿದಿರುತ್ತದೆ, ಡ್ರಾಪ್‌ಔಟು ತಗಡನ್ನು ಒತ್ತಿ ಮಾಡಿದ್ದಾಗಿರುತ್ತದೆ, ರಿಮ್ಮಿನ ಮೇಲೆ 28×1½ ಎಂದಿರುತ್ತದೆ. ರೋಡ್ ಬೈಕಿನ ಟಯರಿನ ಮೇಲೆ 622 ಎಂಬ ಅಳತೆ ಇರುತ್ತದೆ, ಇದರ ಮೇಲೆ 635. ತಲೆಕೊಳವೆಯ ಮುಂದೆ ಹಿತ್ತಾಳೆಯ ಬಿಲ್ಲೆ ಬಡಿದಿದ್ದ ಎರಡು ಸಣ್ಣ ತೂತುಗಳನ್ನು ಪುಟ್ಟಿಯಿಂದ ಮುಚ್ಚಿರುತ್ತಾರೆ. ಒಳಗಿನಿಂದ ಬೆರಳು ಹಾಕಿದರೆ ಅವು ಸಿಗುತ್ತವೆ. ಚೈನ್‌ವೀಲಿನಲ್ಲಿ ಕತ್ತರಿಸಿದ ಬಿಎಸ್‌ಎ ಅಕ್ಷರಗಳು, ರ್ಯಾಲಿಯ ಕೊಕ್ಕರೆ ಒಳ್ಳೆಯ ಸುಳಿವುಗಳಾದರೂ ಚೈನ್‌ವೀಲು ಬದಲಾಗುವ ಭಾಗವೆಂಬುದನ್ನು ಮರೆಯಬಾರದು. ಹಳೆಯ ಹಿಂದಿನ ಹಬ್ಬಿನ ಮೇಲೆ ಸ್ಟರ್ಮಿ ಆರ್ಚರ್ ಎಂದಿದ್ದರೆ ವರ್ಷ, ತಿಂಗಳು ಎರಡನ್ನೂ ಅದರ ಮೇಲೆಯೇ ಒತ್ತಿರುವುದುಂಟು. ಎಣ್ಣೆ ಒರೆಸಿದರೆ ಸಾಕು.

ಬಣ್ಣ ಏನನ್ನು ಮುಚ್ಚಿದೆ

ಪತ್ತೆ ಮಾಡುವಾಗಲೇ ಫ್ರೇಮಿನ ಆರೋಗ್ಯವನ್ನೂ ನೋಡಿಬಿಡುವುದು ಒಳ್ಳೆಯದು. ತಲೆಕೊಳವೆಯ ಹಿಂದೆ, ಕೆಳಗಿನ ಕೊಳವೆಯ ಅಡಿಭಾಗದಲ್ಲಿ ಬೆರಳಾಡಿಸಿದಾಗ ಬಟ್ಟೆಯ ನೆರಿಗೆಯಂಥ ಉಬ್ಬು ಸಿಕ್ಕರೆ ಆ ಸೈಕಲ್ಲು ಎಲ್ಲಿಗೋ ಗುದ್ದಿದೆ. ಬೆಸುಗೆಯ ಪಕ್ಕದಲ್ಲಿ ಬಣ್ಣ ಕೂದಲಿನಂತೆ ಬಿರಿದಿದ್ದರೆ ಕೆಳಗೆ ಲೋಹವೂ ಬಿರಿದಿರಬಹುದು. ಕಾರ್ಬನ್ ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದಾರೆಂದು ಗೊತ್ತಾದರೆ ನಾನಂತೂ ಅದನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಆ ಪುಡಿಯನ್ನು ಗಟ್ಟಿಮಾಡಲು ಸುಮಾರು 180ರಿಂದ 200 ಡಿಗ್ರಿ ಸೆಲ್ಷಿಯಸ್ ಶಾಖದ ಒಲೆಯಲ್ಲಿಡುತ್ತಾರೆ, ಸೈಕಲ್ ಫ್ರೇಮಿನ ರಾಳ ಆ ಶಾಖಕ್ಕೆ ಮಾಡಿದ್ದಲ್ಲ.

ಫ್ರೇಮಿನ ಸಂಖ್ಯೆ ಇರಬೇಕಾದ ಜಾಗದಲ್ಲಿ ಗ್ರೈಂಡರಿನ ಗೆರೆಗಳೋ, ಚಪ್ಪಟೆಯಾಗಿ ಅರೆದ ತಗ್ಗೋ ಕಂಡರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕು. ಬಣ್ಣ ಬೇಸರಕ್ಕೂ ಬದಲಿಸುತ್ತಾರೆ, ಸಂಖ್ಯೆಯನ್ನು ಯಾರೂ ಬೇಸರಕ್ಕೆ ಅರೆಯುವುದಿಲ್ಲ. ಕಳವು ಮಾಲೆಂದು ತಿಳಿದಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಸಂಖ್ಯೆ ಸರಿಯಾಗಿದ್ದರೂ ಅದನ್ನು ಬರೆದ ರಸೀದಿಯೊಂದನ್ನು ಮಾರಿದವನ ಸಹಿಯೊಂದಿಗೆ ಪಡೆದಿಟ್ಟುಕೊಳ್ಳಬೇಕು. ಪರಿಚಯದವನಾದರೆ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಬೇಕು.

ಹುಡುಗನ ಸೈಕಲ್ಲಿನ ಸಂಖ್ಯೆ ಸೀಮೆಸುಣ್ಣಕ್ಕೆ ಪೂರ್ತಿಯಾಗಿ ಎದ್ದುಬಂದಿತ್ತು. ಅಂಕಿಗಳನ್ನು, ಮೂರು ಭಾಗಗಳ ಅಕ್ಷರಗಳನ್ನು, ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅವನು ಮಾರಿದವನ ಬಳಿಗೆ ಹೋಗಿ ಬಂದ. ಜಗಳವಾಡದೆ ಸ್ವಲ್ಪ ಹಣ ಹಿಂದಕ್ಕೆ ಪಡೆದನೆಂದು ಕೇಳಿದೆ. ಆದರೆ ಟ್ರೈಬನ್ ಎಂಬ ನನ್ನ ಊಹೆ ಇನ್ನೂ ಊಹೆಯಾಗಿಯೇ ಉಳಿದಿತ್ತು. ಬಾಗಿದ್ದ ಹ್ಯಾಂಗರಿನ ಬದಲು ಆ ಫ್ರೇಮಿನದೆಂದು ಪಟ್ಟಿಯಲ್ಲಿದ್ದ ಹೊಸದನ್ನು ತರಿಸಿದೆವು. ಹತ್ತು ದಿನಗಳ ನಂತರ ಅದು ಬಂದಾಗ ಹಳೆಯದರ ಮೇಲಿಟ್ಟು ನೋಡಿದೆವು, ತೂತಿಗೆ ತೂತು ಕೂಡಿತು. ಕೆಂಪು ಬಣ್ಣದ ಆ ಚೂರಿನ ಮೇಲೆಯೇ ಅದನ್ನು ಕೂರಿಸಿ ಸ್ಕ್ರೂ ಬಿಗಿದೆವು.